ಹಿಂದಿನ ಸೀಟಿನವರ ರಜೆ

ಯಾವ ದೇಶದವರಿಗೆ ವರ್ಷಕ್ಕೆ ಎಷ್ಟು ರಜೆ ಎಂಬುದು ನನಗೆ ನಮ್ಮನೆಯವರಿಂದ ಗೊತ್ತಾಯಿತು. ಅವರು ಅರಸೀಕೆರೆ ಸ್ಟೇಷನ್ನಿನ ಮುಂದೆ ಬೇರೆಯವರ ಅಂಬಾಸಿಡರ್ ಓಡಿಸುತ್ತಿದ್ದರು. ರೈಲು ಇಳಿದ ವಿದೇಶಿಯರನ್ನು ಹಳೇಬೀಡು, ಬೇಲೂರಿಗೆ ಕರೆದುಕೊಂಡು ಹೋಗುವಾಗ ತಮ್ಮ ಹರಕು ಇಂಗ್ಲಿಷಿನಲ್ಲಿ ಅದೊಂದನ್ನು ತಪ್ಪದೆ ಕೇಳುತ್ತಿದ್ದರು. ಮನೆಗೆ ಬಂದು ಕೈಕಾಲು ತೊಳೆಯುವಾಗಲೇ ವರದಿ ಶುರು.

"ಫ್ರಾನ್ಸಿನೋರಿಗೆ ಐದು ವಾರ ಕಣೇ. ಮನೇಲಿ ಕೂತ್ರೂ ಸಂಬಳ ಬತ್ತೈತೆ."

"ಮೊನ್ನೆ ಬಂದಿದ್ರಲ್ಲ, ಅಮೆರಿಕದೋರು?"

"ಪಾಪ, ಅವ್ರಿಗೆ ಎರಡೇ ವಾರವಂತೆ. ಅದೂ ಕಂಪನಿ ಮನಸ್ಸು ಮಾಡಿದ್ರೆ. ಅದಕ್ಕೇ ದೇವಸ್ಥಾನಾನೂ ಓಡ್ಕಂಡೇ ನೋಡ್ತಾರೆ. ಜಪಾನಿನೋರಿಗೆ ರಜೆ ಇದ್ರೂ ತಗಳಕ್ಕೆ ನಾಚ್ಕೆಯಂತೆ."

"ಹಂಗಾದ್ರೆ ನೀವು ಜಪಾನಿನೋರೇ ಬಿಡಿ."

"ನಂಗೆ ಎಲ್ಲೈತೆ ರಜೆ, ನಾಚ್ಕಳಕ್ಕೆ?"

ಅವರಿಗೆ ಇದು ತಮಾಷೆ. ನನಗೆ ಹೊಟ್ಟೆ ಉರಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಆ ಹೆಂಗಸರು ಗಂಡನ ಭುಜಕ್ಕೆ ಒರಗಿ ಕೂತಿರುತ್ತಾರೆ, ಮುಂದೆ ನನ್ನ ಗಂಡ. ಅವರಿಗೆ ತಮ್ಮ ಗಂಡನ ಐದು ವಾರವೂ ಸಿಕ್ಕಿತು, ನನ್ನ ಗಂಡನ ಹಗಲೂ ಸಿಕ್ಕಿತು. ಮದುವೆಯಾಗಿ ಏಳು ವರ್ಷವಾಗಿದ್ದರೂ, ಜಾವಗಲ್ ದಾಟಿದರೆ ಸಿಗುವ ಹಳೇಬೀಡನ್ನು ನಾವಿಬ್ಬರು ಒಟ್ಟಿಗೆ ನೋಡಿರಲಿಲ್ಲ. ಒಂದೇ ಒಂದು ದಿನ ಅವರ ಜೊತೆ ಹೋಗಿ ಬರಬೇಕೆಂಬುದು ನನ್ನ ಆಸೆ. ಒಂದು ದಿನ ಬರದಿದ್ದರೆ ಮಾಲೀಕರು ಬೇರೆ ಡ್ರೈವರನ್ನು ಹುಡುಕಿಕೊಳ್ಳುತ್ತಾರೆಂಬುದು ಅವರ ಭಯ.

ಒಂದು ಚಳಿಗಾಲ ಜರ್ಮನಿಯ ಗಂಡ ಹೆಂಡತಿ ಬಂದರು. ಬೇಲೂರಿನಲ್ಲಿ ಆ ಹೆಂಗಸಿಗೆ ಜ್ವರ ಬಂದು ಮೂರು ದಿನ ಲಾಡ್ಜಿನಲ್ಲಿ ಮಲಗಿಬಿಟ್ಟರು. ನಮ್ಮನೆಯವರು ಹೊರಗೆ ಕಾರಿನಲ್ಲೇ ಕಾದರು. ನಾಲ್ಕನೆಯ ದಿನ ಮನೆಗೆ ಬಂದವರು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಕೇಳು ಇಲ್ಲಿ. ಡಾಕ್ಟರ್ ಚೀಟಿ ತೋರಿಸಿದ್ರೆ ಜ್ವರದ ಮೂರು ದಿನಾನೂ ಆಯಮ್ಮಂಗೆ ಕಂಪನಿಯೋರು ವಾಪಸ್ ಕೊಡ್ತಾರಂತೆ! ಕಾಯಿಲೆ ಮಲಗಿದ್ದು ರಜೆ ಅಂತ ಆಗಲ್ವಂತೆ."

"ನೀವೂ ಅಲ್ಲೇ ಕಾಯ್ತಾ ಕೂತಿದ್ರಲ್ಲ, ನನ್ನ ಮೂರು ದಿನ ಯಾರು ವಾಪಸ್ ಕೊಡ್ತಾರೆ?"

ಅವರು ನಗಲಿಲ್ಲ. ಚಪ್ಪಲಿ ಬಿಚ್ಚುತ್ತಾ, "ಮಳೆ ಹಿಡೀಲಿ, ಗಿರಾಕಿ ಕಮ್ಮಿ ಆಗ್ತಾರೆ. ಇಬ್ರೂ ಹಳೇಬೀಡಿಗೆ ಹೋಗಣ" ಎಂದರು.

ಮಳೆ ಹಿಡಿಯುವ ಮೊದಲೇ ಅವರಿಗೆ ಕಾಮಾಲೆಯಾಯಿತು. ಕಣ್ಣು ಹಳದಿಯಾದ ಮೇಲೂ ಒಂದು ವಾರ ಗಾಡಿ ಓಡಿಸಿದರು. ಹಾಸನದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತು.

ಅವರು ಹೋದ ಎರಡು ತಿಂಗಳಿಗೆ ಅವರ ಹೆಸರಿಗೇ ಜರ್ಮನಿಯಿಂದ ಲಕೋಟೆ ಬಂತು. ಒಳಗೊಂದು ಫೋಟೋ. ಹಳೇಬೀಡಿನ ಗುಡಿಯ ಮುಂದೆ ಹುಲ್ಲಿನ ಮೇಲೆ ಇವರು ಕಾಲು ಚಾಚಿ ಕೂತಿದ್ದಾರೆ, ಪಕ್ಕದಲ್ಲಿ ಜ್ವರ ಬಂದಿದ್ದ ಆ ಹೆಂಗಸು, ನಡುವೆ ಕಡಲೆಕಾಯಿ ಪೊಟ್ಟಣ. ಇವರು ಬಾಯಿ ತುಂಬ ನಗುತ್ತಿದ್ದಾರೆ. ಹಗಲು ಹೊತ್ತು ಇವರು ಹಾಗೆ ನಿರಾಳವಾಗಿ ಕೂತದ್ದನ್ನು ನಾನು ಕಂಡೇ ಇರಲಿಲ್ಲ. ಆಕೆಗೆ ಸಾವಿನ ಸುದ್ದಿ ಬರೆಯಬೇಕಿತ್ತು. ಬರೆಯಲಿಲ್ಲ.

ಮರುವರ್ಷ ನನಗೆ ಶಾಲೆಯೊಂದರಲ್ಲಿ ಆಯಾ ಕೆಲಸ ಸಿಕ್ಕಿತು. ಸಂಬಳ ಹಿಡಿಯದ ರಜೆಯೂ ಕೆಲವು ದಿನ ಇತ್ತು. ಮೊದಲ ರಜೆ ಬರೆದುಕೊಟ್ಟು ಬಸ್ಸಿನಲ್ಲಿ ಹಳೇಬೀಡಿಗೆ ಹೋದೆ. ಫೋಟೋದಲ್ಲಿದ್ದದ್ದು ಇದೇ ಜಾಗವಿರಬೇಕು ಎಂದುಕೊಂಡು ಹುಲ್ಲಿನ ಮೇಲೆ ಕೂತೆ. ಆಗ ಯಾವುದೋ ದೇಶದ ಗಂಡ ಹೆಂಡತಿ ಬಂದು ನನ್ನ ಕೈಗೆ ಕ್ಯಾಮೆರಾ ಕೊಟ್ಟು, ಒತ್ತಬೇಕಾದ ಗುಂಡಿ ತೋರಿಸಿದರು. ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ನಿಂತರು. ನಾನು ಕ್ಯಾಮೆರಾವನ್ನು ಮೆಲ್ಲಗೆ ಒಂದು ಪಕ್ಕಕ್ಕೆ ಸರಿಸಿ, ಗಂಡ ಕಾಣದ ಹಾಗೆ ಮಾಡಿ ಒತ್ತಿದೆ. ಆಕೆ ನನ್ನ ಎರಡೂ ಕೈ ಹಿಡಿದು "ಥ್ಯಾಂಕ್ಯೂ" ಎಂದಳು. ಊರಿಗೆ ಹೋಗಿ ರೀಲು ತೊಳೆಸಿದಾಗ ಆಕೆಗೆ ಗೊತ್ತಾಗಿರುತ್ತದೆ.