ಉಪ್ಪುಂದವನ್ನು ಬಿಟ್ಟು ಮನೆ ಹುಡುಕಿದ್ದು

ಈ ಪ್ರಯಾಣವನ್ನು ಬರೆಯಲು ನಾನು ಬಹಳ ತಡ ಮಾಡಿದೆ. ಊಟಿಗೆ ಮರಳಿದ ವಾರವೇ ಕುಳಿತು ಬ್ರಹ್ಮಾವರದ ತನಕ ಬರೆದೆ, ಕುಂದಾಪುರವನ್ನೂ ಬರೆದೆ. ಮುಂದಿನದಕ್ಕೆ ಕೈ ಏಳಲಿಲ್ಲ. ನಾಳೆ, ನಾಡಿದ್ದು ಎನ್ನುತ್ತಾ ಒಂದು ಮಳೆಗಾಲವೇ ಕಳೆಯಿತು. ಇನ್ನೂ ಮುಂದೂಡಿದರೆ ಹೆಂಡತಿಗೆ ಕೊಟ್ಟ ಮಾತು ತಪ್ಪಿದಂತೆ.

ನಾನು ಹುಟ್ಟಿದ್ದು ಕುಂದಾಪುರದ ಕೋಡಿಯಲ್ಲಿ, ಮೀನುಗಾರರ ಮನೆಯಲ್ಲಿ. ಹೈಸ್ಕೂಲು ಮುಗಿಸಿ ಊಟಿಯ ಸಸ್ಯಾಹಾರಿ ಹೋಟೆಲೊಂದಕ್ಕೆ ಸೇರಿದವನು ಅಲ್ಲೇ ಗಲ್ಲಾದಲ್ಲಿ ಕುಳಿತು ಮುದುಕನಾದೆ. ದೀಪಾವಳಿಗೆ ಕೆಲಸ ಬಿಡುವುದೆಂದು ಮಾಲೀಕರಿಗೆ ಹೇಳಿಯಾಗಿತ್ತು. ಹೆಂಡತಿ ಸರೋಜಳ ಮೊಣಕಾಲಿಗೆ ಊಟಿಯ ಚಳಿ ಇನ್ನು ಆಗದು ಎಂದು ಡಾಕ್ಟರೂ ಹೇಳಿದ್ದರು. ಬೆಚ್ಚಗಿನ ಊರು, ಬಾಗಿಲ ಹತ್ತಿರ ನೀರು, ಅವಳು ಕೇಳಿದ್ದು ಇಷ್ಟೇ. ಬ್ರಹ್ಮಾವರ, ಕುಂದಾಪುರ, ಬಸ್ರೂರು ಎಂದು ನಾನು ದಾರಿ ಗೊತ್ತು ಮಾಡಿದೆ. ಅವಳ ತವರು ಉಪ್ಪುಂದವನ್ನು ಬೇಕೆಂದೇ ಬಿಟ್ಟೆ. ಅವಳ ತಾಯಿಗೆ ನಾನು ಮಾಡಿದ ಒಂದು ಅನ್ಯಾಯ ಅಲ್ಲಿ ಅವರ ಮೇಲಿನ ನಗೆಮಾತಾಗಿ ಉಳಿದಿತ್ತು. ಅದರ ನಡುವೆ ಹೋಗಿ ನೆಲೆಸುವ ಧೈರ್ಯ ನನಗಿರಲಿಲ್ಲ.

ಜನವರಿಯ ಕೊನೆಗೆ ಹೊರಟೆವು. ಮೈಸೂರಿನಿಂದ ಬಂದ ಬಸ್ಸು ಬೆಳಗಾಗುವಾಗ ನಮ್ಮನ್ನು ಬ್ರಹ್ಮಾವರದಲ್ಲಿ ಇಳಿಸಿತು. ಸರೋಜ ಸ್ವೆಟರ್ ಕಳಚಿ ಚೀಲದ ತಳಕ್ಕೆ ತುರುಕಿದಳು. ಬನ್ಸು, ಚಹಾ ಮುಗಿಸಿ ಹಂಗಾರಕಟ್ಟೆಗೆ ರಿಕ್ಷಾ ಹಿಡಿದೆವು. ಹೊಳೆ ಕಡಲು ಸೇರುವಲ್ಲಿ ಹೆಂಚಿನ ಮನೆಯೊಂದು ಬಾಡಿಗೆಗಿತ್ತು. ಮನೆ ಚೆನ್ನಾಗಿತ್ತು, ಗಾಳಿಯೂ ಧಾರಾಳ. ಸರೋಜ ಮಾತ್ರ ಕೋಣೆ ನೋಡದೆ ನೇರ ಬಾವಿಕಟ್ಟೆಗೆ ಹೋದಳು.

"ಬ್ಯಾಸ್ಗೆಲ್ ನೀರ್ ಉಪ್ಪಾತ್ತಾ?"

"ಏಪ್ರಿಲಲ್ಲಿ ಸ್ವಲ್ಪ ಆತ್ತ್," ಎಂದರು ಮನೆ ತೋರಿಸಲು ಬಂದವರು.

"ಸ್ವಲ್ಪ ಅಂದ್ರೆ ಎಷ್ಟ್? ಗಂಜಿಗ್ ಬೇರೆ ಉಪ್ಪ್ ಹಾಕುದ್ ಬ್ಯಾಡ್ವಾ?"

ಅವರು ನಕ್ಕುಬಿಟ್ಟರು. ಮಾತು ಅಲ್ಲಿಗೆ ಮುಗಿಯಿತು.

ಮಧ್ಯಾಹ್ನ ಕುಂದಾಪುರ. ಹೆದ್ದಾರಿಯ ಮೇಲೆ ಮುಕ್ಕಾಲು ಗಂಟೆಯ ದಾರಿ. ಮೂರನೇ ಮಹಡಿಯ ಫ್ಲ್ಯಾಟೊಂದರ ಬಾಲ್ಕನಿಯಿಂದ ಹಿನ್ನೀರು, ಅದರಾಚೆ ಗಂಗೊಳ್ಳಿಯ ದೋಣಿಗಳೆಲ್ಲ ಕಾಣುತ್ತಿದ್ದವು. ಲಿಫ್ಟು ಇದೆ, ಆಸ್ಪತ್ರೆ ಹತ್ತಿರ ಎಂದು ನಾನು ಹೊಗಳಿದೆ. ಸರೋಜ ಕಂಬಿ ಹಿಡಿದು ತುಸು ಹೊತ್ತು ನಿಂತು, "ಇಲ್ಲಿ ನೀರ್ ಕಾಂಬುಕಾತ್ತ್, ಕಾಲ್ ಅದ್ದುಕಾತಿಲ್ಲೆ," ಎಂದಳು. ಸಂಜೆ ಕೋಡಿಯ ಕಡೆ ಹೋಗಿ ಬಂದೆವು. ನಾನು ಹುಟ್ಟಿದ ಮನೆಯ ಜಾಗದಲ್ಲಿ ಈಗ ಬೇರೆಯವರ ಕಾಂಪೌಂಡು.

ಮರುದಿನ ಬಸ್ರೂರಿನಲ್ಲಿ ನನಗೆ ಮನಸ್ಸಿಗೊಪ್ಪುವ ಮನೆ ಸಿಕ್ಕಿತು. ಹಿತ್ತಿಲಿನಿಂದ ಹೊಳೆಗೆ ಕೆಂಪು ಕಲ್ಲಿನ ಮೆಟ್ಟಿಲು, ಸಿಹಿನೀರಿನ ಬಾವಿ, ಅಂಗಡಿ ಕೂಗಳತೆಯಲ್ಲಿ. ಸರೋಜ ಮೆಟ್ಟಿಲಲ್ಲಿ ಕುಳಿತು ನೀರಿಗೆ ಕಾಲು ಇಳಿಬಿಟ್ಟಳು. ಗೆದ್ದೆ ಎಂದುಕೊಂಡೆ.

"ಚಂದ ಇತ್ತ್," ಎಂದಳು. "ಆದ್ರೆ ಇದ್ ಸದ್ದೇ ಮಾಡೂದಿಲ್ಲೆ. ನಂಗೆ ಮನಿಕಂಡ್ರೆ ಅಲೆ ಸದ್ದ್ ಕೇಣ್ಕ್. ಹ್ವಾಯ್, ಇಷ್ಟ್ ದೂರ ಬಂದ್ ಉಪ್ಪುಂದಕ್ಕ್ ಹೋಗ್ದೆ ತಿರ್ಗುದಾ?"

ಬಿಸಿಲು, ಮೊಣಕಾಲು, ತಿರುಗಿ ಹೋಗುವ ಬಸ್ಸು, ಏನೇನೋ ಹೇಳಿದೆ. ಅವಳು ಕೇಳಿಸಿಕೊಳ್ಳುತ್ತಲೇ ಚಪ್ಪಲಿ ಹಾಕಿಕೊಂಡಳು.

ಕುಂದಾಪುರದಲ್ಲಿ ಬೈಂದೂರಿನ ಸರಕಾರಿ ಬಸ್ಸು ಹತ್ತಿದೆವು. ಕಂಡಕ್ಟರು ಸರೋಜಳ ಆಧಾರ್ ಕಾರ್ಡು ತಿರುಗಿಸಿ ನೋಡಿದ. "ಇದ್ ತಮಿಳ್ನಾಡಿಂದ್ ಅಲ್ದಾ ಅಕ್ಕ? ನಿಮ್ಗ್ ಫ್ರೀ ಇಲ್ಲೆ. ಟಿಕೆಟ್ ತಕಣ್ಕ್."

"ನನ್ ಮಾತ್ ಕೇಂಡ್ರೆ ತಮಿಳ್ನಾಡ್ ಅನ್ಸತ್ತಾ ಮರಾಯ್ರೆ?"

"ಮಾತಿಗ್ ಫ್ರೀ ಕೊಡುಕ್ ಬತ್ತಿಲ್ಲೆ."

"ಬಪ್ಪ ವರ್ಷ ಇಲ್ಲೇ ಇರ್ತೆ. ಆಗ ಕಾಂಬ," ಎಂದಳು. ಬಸ್ಸಿನವರೆಲ್ಲ ನಕ್ಕರು. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ ಬಂದಾಗ ಅವಳು ಚಿಕ್ಕವಳಂತೆ ಕಿಟಕಿಗೆ ಆತುಕೊಂಡಳು. ಕಿರಿಮಂಜೇಶ್ವರ ದಾಟಿತು.

ಉಪ್ಪುಂದದ ಕಡಲಬದಿಯಲ್ಲಿ ಅವಳ ತಮ್ಮ ಮಂಜನ ಮನೆ. ಪಕ್ಕದಲ್ಲೇ ಎರಡು ಕೋಣೆಯ ಮನೆಯೊಂದು ಬೀಗ ಹಾಕಿ ನಿಂತಿತ್ತು, ಯಜಮಾನರು ಮುಂಬಯಿಯಲ್ಲಿದ್ದರು. ಸರೋಜ ಬಾವಿಯಿಂದ ಕೊಡಪಾನ ಸೇದಿ, ಬೊಗಸೆಯಲ್ಲಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅವಳ ಮುಖ ನೋಡಿಯೇ ತೀರ್ಮಾನವಾಯಿತೆಂದು ನನಗೆ ತಿಳಿಯಿತು.

ಊಟಕ್ಕೆ ಬಂಗಡೆ ಸಾರು, ಕುಚ್ಚಲಕ್ಕಿ ಅನ್ನ. ಬಡಿಸುತ್ತಾ ಮಂಜ ಅಂದ, "ಅಕ್ಕ, ನಿಮ್ ಸಾಮಾನೆಲ್ಲ ಲಾರಿಯಲ್ಲೇ ತರ್ಸಿ. ಬಸ್ಸಲ್ಲ್ ತಂದ್ರೆ ಅಬ್ಬಿ ಗಂಟಿನ್ ಕಥೆ ಆತ್ತ್."

ಸರೋಜ ನಕ್ಕಳು. ಅಬ್ಬಿ ಎಂದರೆ ಅವರ ತಾಯಿ, ತೀರಿಹೋಗಿ ವರ್ಷಗಳಾದವು. ಊಟಿಯ ಬಸ್ಸಿನಲ್ಲಿ ಗಂಟು ಮರೆತು ಬರಿಗೈಯಲ್ಲಿ ಬಾಣಂತಿ ಮಗಳನ್ನು ನೋಡಲು ಹೋದವಳು ಎಂದು ಆ ಕೇರಿಯಲ್ಲಿ ಎಲ್ಲರೂ ಅವರನ್ನು ಗೇಲಿ ಮಾಡುತ್ತಿದ್ದರು. ಯಾರು ಏನು ಕಳೆದುಕೊಂಡರೂ ಅವರ ಹೆಸರೇ ಬರುತ್ತಿತ್ತು. ನಾನು ತಟ್ಟೆ ಬಿಟ್ಟು ಕೈ ತೊಳೆಯಲು ಎದ್ದೆ.

ಬಿಸಿಲು ಇಳಿದ ಮೇಲೆ ಸರೋಜಳನ್ನು ದಂಡೆಗೆ ಕರೆದೊಯ್ದು, ಎಳೆದು ಹಾಕಿದ್ದ ದೋಣಿಯ ನೆರಳಲ್ಲಿ ಕೂರಿಸಿ ಹೇಳಿದೆ.

ಮಗಳು ಹುಟ್ಟಿದಾಗ ಸರೋಜಳಿಗೆ ಎದೆಹಾಲು ಸಾಲುತ್ತಿರಲಿಲ್ಲ. ಬಾಣಂತಿಗೆ ತಾಟೆ ಎಂಬ ಶಾರ್ಕ್ ಮೀನಿನ ಮರಿ ಕೊಟ್ಟರೆ ಹಾಲು ಬರುತ್ತದೆಂದು ನಮ್ಮ ಕಡೆ ನಂಬಿಕೆ. ಅತ್ತೆ ಅದನ್ನು ತಿಂಗಳುಗಟ್ಟಲೆ ಕೂಡಿಟ್ಟು, ಉಪ್ಪು ಹಾಕಿ ಒಣಗಿಸಿ, ಹಳೆ ಸೀರೆಯಲ್ಲಿ ಕಟ್ಟಿ, ಬಸ್ಸು ಬದಲಿಸುತ್ತಾ ಒಬ್ಬರೇ ಬಂದಿದ್ದರು. ನಾನು ನಿಲ್ದಾಣದಲ್ಲಿ ಎದುರುಗೊಂಡೆ. ಗಂಟಿನ ವಾಸನೆ ಅಲ್ಲಿಯೇ ಹರಡಿತ್ತು. ನಮ್ಮ ಕೋಣೆ ಹೋಟೆಲಿನ ಮೇಲೆಯೇ ಇತ್ತು, ಒಳಗೆ ಮೀನು ತರಕೂಡದೆಂಬ ಕಟ್ಟಪ್ಪಣೆ. ಅದಕ್ಕಿಂತ ಹೆಚ್ಚಾಗಿ, ನಾನು ಎಂಥ ಮನೆಯವನೆಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. "ಕೊಡಿ, ನಾನು ಹೊರುತ್ತೇನೆ," ಎಂದು ಇಸಿದುಕೊಂಡು, ಅವರನ್ನು ಅಲ್ಲೇ ನಿಲ್ಲಿಸಿ, ನಿಲ್ದಾಣದ ಹಿಂದಿನ ಚರಂಡಿಗೆ ಎಸೆದು ಬಂದೆ. ಬರಿಗೈ ನೋಡಿ ಅತ್ತೆ ಏನೂ ಕೇಳಲಿಲ್ಲ. ಮನೆಗೆ ಹೋದಾಗ ಸರೋಜ ಆಸೆಯಿಂದ, "ಎಂತ ತಂದಿ ಅಬ್ಬಿ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅವರು, "ಬಸ್ಸಲ್ಲೇ ಬಿಟ್ಟಿಕಿ ಬಂದೆ ಮಗಾ," ಎಂದುಬಿಟ್ಟರು.

ಸರೋಜ ದೋಣಿಯಿಂದ ಬೆನ್ನು ಎತ್ತಿ ನೆಟ್ಟಗೆ ಕುಳಿತಳು.

"ನಾನ್ ಅವತ್ತ್ ಅಬ್ಬಿಗ್ ಬೈದಿದ್ದೆ," ಎಂದಳು. "ಮಗಿಗ್ ಹಾಲಿಲ್ಲೆ, ನಿಂಗ್ ಅಷ್ಟೂ ಗ್ಯಾನ ಇಲ್ಯಾ ಅಂದಿದ್ದೆ. ಅದನ್ನ ಈಗ ನಾನ್ ಎಲ್ಲಿ ಹೋಯಿ ಹೇಳುದ್?"

ನನ್ನ ಎದೆಯ ಭಾರ ಇಳಿಯುವ ಬದಲು ಅವಳ ಎದೆಗೂ ಏರಿತ್ತು. ಅವಳು ಅತ್ತಳು. ನಾನು ಕೈ ಹಿಡಿದೆ. ಬಿಡಿಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಏಳಲು ಮೊಣಕಾಲು ಬಾರದೆ ತಾನೇ ಕೈ ಚಾಚಿದಳು.

"ಮನಿ ಇದೇ ಆಯ್ಲಿ. ಆದ್ರೆ ಮಂಜನ್ ಹತ್ರ ನೀವೇ ಹೇಳ್ಕ್. ಕೇರಿಯವ್ರಿಗೂ ಹೇಳ್ಕ್. ನಿಮ್ಗ್ ಬರೂಕ್ ಬತ್ತಲ್ದಾ, ಕಾಗ್ದದಲ್ ಬರ್ದೂ ಇಡಿ. ಅಬ್ಬಿ ಸತ್ ಮೇಲೂ ಮರೆಗುಳಿ ಅನ್ಸ್ಕಂಬುದ್ ಬ್ಯಾಡ."

ಮಂಜ ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದ. ಹೇಳಿ ಮುಗಿಸುವಾಗ ಅವನ ಕೈ ನಿಂತಿತ್ತು.

"ಅಬ್ಬಿಗ್ ಗೊತ್ತಿತ್ತಾ ಬಾವ?"

"ಗೊತ್ತಿತ್ತ್. ಗಂಟ್ ನನ್ ಕೈಗ್ ಕೊಟ್ಟದ್ ಅವ್ರೇ."

"ನಾವ್ ನೆಗಾಡ್ವಾಗ ಅವ್ಳೂ ನೆಗಾಡ್ತಿದ್ಲಲೆ," ಎಂದು ಅವನು ಕಡಲಿನ ಕಡೆ ತಿರುಗಿದ. ಆಮೇಲೆ ಬಲೆ ಬದಿಗಿಟ್ಟು ಒಳಗೆ ಹೋದ. ಮರುದಿನ ಬಸ್ಸು ಹತ್ತಿಸಲು ಬಂದವನು ಸರೋಜಳ ಚೀಲ ಹಿಡಿದುಕೊಂಡಿದ್ದ. ನನ್ನೊಂದಿಗೆ ಮಾತಾಡಲಿಲ್ಲ. ಬಸ್ಸು ಹೊರಟಾಗ ಮಾತ್ರ ಕಿಟಕಿಯ ಹತ್ತಿರ ಬಂದು, "ಮುಂಬೈಗ್ ಫೋನ್ ಮಾಡಿ ಬೀಗದ್ ಕೈ ತರ್ಸ್ತೆ," ಎಂದ.

ಈ ದೀಪಾವಳಿ ಕಳೆದ ಮೇಲೆ ನಾವು ಅಲ್ಲಿಗೆ ಹೋಗುತ್ತೇವೆ. ಅದಕ್ಕೆ ಮೊದಲು ಇದನ್ನು ಬರೆದು ಮುಗಿಸಬೇಕಿತ್ತು. ಆ ಮುದುಕಿ ಏನನ್ನೂ ಮರೆತವರಲ್ಲ. ಅಳಿಯನ ಮಾನ ಹೋಗಬಾರದೆಂದು ತನ್ನ ಮಾನವನ್ನು ಕೊಟ್ಟವರು. ಅವರು ಬದುಕಿರುವಾಗ ಎದುರು ನಿಂತು ತಪ್ಪಾಯಿತೆನ್ನಲು ನನಗೆ ಎಷ್ಟೋ ಸಂಜೆಗಳಿದ್ದವು, ಒಂದರಲ್ಲೂ ನಾನು ಅನ್ನಲಿಲ್ಲ. ಅವರ ಹೆಸರು ಸೀತು.