ಅಪ್ಪ ಕಟ್ಟಿದ ಕಲಮು

ಪುಣೆಯಿಂದ ಊರಿಗೆ ಬಂದ ದಿನ ಅಪ್ಪನ ಎಡ ಮುಂಗೈ ಮೇಲೆ ಹಸಿರು ಪ್ಲಾಸ್ಟಿಕ್ ಪಟ್ಟಿ ಕಂಡು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ದ್ರಾಕ್ಷಿಗೆ ಕಲಮು, ಅಂದರೆ ಕಸಿ, ಕಟ್ಟುವ ಪಟ್ಟಿ ಅದು. ಮೂರು ಸುತ್ತು, ಒಂದು ಗಂಟು, ಗಂಟಿನ ತುದಿ ಒಳಗೆ ಸಿಕ್ಕಿಸಿದ್ದು. ಅಥಣಿ ಸುತ್ತಲಿನ ಎಷ್ಟೋ ದ್ರಾಕ್ಷಿ ತೋಟಗಳಲ್ಲಿ ಆ ಗಂಟು ನೋಡಿದ್ದೇನೆ.

ಮೂರು ವಾರದ ಹಿಂದೆ ಮಿರಜದಲ್ಲಿ ಅದೇ ಕೈಗೆ ಶಸ್ತ್ರಕ್ರಿಯೆ ಆಗಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲು ದಪ್ಪ ರಕ್ತನಾಳ ಬೇಕು, ಅದಕ್ಕೆ ಕೈಯ ಎರಡು ನಾಳಗಳನ್ನು ಕೂಡಿಸಿ ಹೊಲಿಯುತ್ತಾರೆ. ಹೊಲಿದಲ್ಲಿ ಬೆರಳಿಟ್ಟರೆ ಒಳಗೆ ರಕ್ತ ಗುರ್ ಎನ್ನುತ್ತಿರಬೇಕು. ಬಲಗೈಯ ನಾಳಗಳು ಆಗಲೇ ಸೂಜಿ ಚುಚ್ಚಿಸಿಕೊಂಡು ಕೆಟ್ಟಿದ್ದವು. ಉಳಿದದ್ದು ಈ ಕೈ ಒಂದೇ.

“ಯಾಕಪ್ಪಾ ಕಟ್ಟಿದಿ?”

“ನಿನ್ನೆ ಮುಂಜಾನೆ ಛಾಟಣಿ ಮಾಡಾಕ ಹೊಂಟಿದ್ನಿ. ಕಡ್ಡಿ ಕತ್ತರಿಸೂವಾಗ ಜೋಡ ಬಿಚ್ಚೀತು ಅಂತ ಬಿಗಿದ್ನಿ. ಗಡಿಯಾರ ಕಟ್ಟಬ್ಯಾಡ್ರಿ ಅಂದಿದ್ರು ದವಾಖಾನ್ಯಾಗ. ಅದನ್ನ ಕಟ್ಟಿಲ್ಲ.”

ಪಟ್ಟಿ ಕತ್ತರಿಸಿ ಬೆರಳಿಟ್ಟೆ. ಗುರ್ ಇಲ್ಲ. ಎರಡು ಬೆರಳು ಒತ್ತಿದೆ, ಕಿವಿ ಹಚ್ಚಿದೆ. ಏನೂ ಇಲ್ಲ.

“ಯಾರು ಹೇಳಿದ್ರು ನಿನಗ ಹಿಂಗ ಕಟ್ಟಾಕ?” ದನಿ ಏರಿತ್ತು.

“ನೀನ ಅಲ್ಲೇನು?” ಅಂದ ಅಪ್ಪ.

ಹೌದು, ನಾನೇ. ಪುಣೆಯ ಪ್ರಯೋಗಾಲಯದಲ್ಲಿ ನಾನು ಬೆಳೆಸುವುದೂ ರಕ್ತನಾಳವನ್ನೇ. ಕಾಂಡಕೋಶಗಳನ್ನು ಸ್ನಾಯುಕೋಶಗಳಾಗಿ ಮಾಡಿ, ಕರಗಿ ಹೋಗುವ ಜಾಳಿಗೆಯ ಕೊಳವೆ ಮೇಲೆ ಬಿತ್ತುತ್ತೇವೆ. ವಾರಗಟ್ಟಲೆ ಕಾದರೆ ಜಾಳಿಗೆ ಕರಗಿ ನಾಳ ಉಳಿಯುತ್ತದೆ. ಹೋದ ದೀಪಾವಳಿಗೆ ಅಪ್ಪ ಕೇಳಿದ್ದ, ಅದನ್ನ ಮೈಗೆ ಹೆಂಗ ಜೋಡಸ್ತೀರಿ ಅಂತ. ಇಷ್ಟು ಓದಿಯೂ ರೈತನಿಗೆ ತಿಳಿಯುವ ಹಾಗೆ ಹೇಳಬಲ್ಲೆ ಎಂಬ ಜಂಬ ನನಗೆ. “ನಿನ್ನ ಕಲಮು ಇದ್ದಂಗ ಅಪ್ಪಾ. ಜಂಗಲಿ ಗಿಡಕ್ಕ ಒಳ್ಳೆ ಕಡ್ಡಿ ಕೂಡಸ್ತಿಯಲ್ಲ, ಹಂಗ. ಜೋಡ ಹತ್ತೂತನಕ ಅಲುಗಾಡಬಾರದು” ಅಂದಿದ್ದೆ. ಅಪ್ಪ ಅದನ್ನು ಊರೆಲ್ಲ ಹೇಳಿಕೊಂಡು ಬಂದಿದ್ದ, ನನ್ನ ಮಗಳೂ ಕಲಮು ಕಟ್ಟತಾಳ ಅಂತ.

ಮಿರಜಕ್ಕೆ ಓಡಿದೆವು. ಡಾಕ್ಟರು ಸ್ಕ್ಯಾನ್ ಮಾಡಿ, ಜೋಡಿಸಿದ ನಾಳದ ತುಂಬ ರಕ್ತ ಹೆಪ್ಪುಗಟ್ಟಿದೆ, ಇನ್ನು ಇದು ಉಳಿಯದು ಎಂದರು. ಆಮೇಲೆ, ನನ್ನ ಕೆಲಸದ ಬಗ್ಗೆ ಅಪ್ಪನಿಂದ ಕೇಳಿದ್ದ ಅವರು ನನ್ನ ಕಡೆ ತಿರುಗಿದರು. “ನೀವು ಬೆಳೆಸೋ ನಾಳ ಸಿಗ್ತೈತೇನ್ರಿ?”

“ಇಲ್ರೀ. ಇನ್ನೂ ಕುರಿಗೆ ಹಾಕಿ ನೋಡಾಕತ್ತೀವಿ.”

ಆ ಮಾತು ಹೇಳುವಾಗ ಅಪ್ಪನ ಮುಖ ನೋಡಲಿಲ್ಲ.

ಮರುದಿನ ಡಯಾಲಿಸಿಸ್‌ಗೆಂದು ಅಪ್ಪನ ಕುತ್ತಿಗೆಗೆ ಕೊಳವೆ ಹಾಕಿದ್ದರು. ಕುತ್ತಿಗೆ ಅಲುಗಿಸದೆ ಕೇಳಿದ: “ನಿಮ್ಮ ಲ್ಯಾಬಿನ್ಯಾಗ ಆ ನಾಳಾನ ಹಿಂಗ ಬಿಗಿದ ಕಟ್ಟಿ ಇಡತೀರೇನು?”

“ಇಲ್ಲಪ್ಪಾ. ಅದರಾಗ ಹಗಲು ರಾತ್ರಿ ಪಂಪು ಬಡೀತಿರತೈತಿ. ಹರಿಯೂದು ನಿಂತ್ರ ನಾಳ ಕೆಡತೈತಿ.”

ಅಪ್ಪ ಎಡ ಮುಂಗೈ ಮೇಲೆ, ಪಟ್ಟಿ ಕಟ್ಟಿದ್ದಲ್ಲಿ, ಬೆರಳಿಟ್ಟು ನೋಡಿದ.

“ಅವತ್ತ ಇದನ್ನೂ ಹೇಳಬೇಕಿತ್ತಲ್ಲ, ಮಗಳ” ಅಂದ.