ಕುಂಟುವ ಇಲಿಯ ಹಾಸಿಗೆ

ನಮ್ಮೂರು ನಿಡುಗಲ್ಲಿನಲ್ಲಿ ಕುರಿರೊಪ್ಪದಿಂದ ಬಂದವರು ಸ್ನಾನ ಮಾಡಿ ಮನೆಯೊಳಗೆ ಬರಬೇಕು. ಜರ್ಮನಿಯಲ್ಲಿ ನಾನು ಸ್ನಾನ ಮಾಡಿ ಇಲಿಗಳ ಹತ್ತಿರ ಹೋಗಬೇಕು. ನನ್ನಿಂದ ಅವಕ್ಕೆ ರೋಗ ತಗುಲಬಾರದಂತೆ! ಅವು ಇರುವುದು ‘ಟೀರ್‌ಹೌಸ್’ನಲ್ಲಿ, ಅಂದರೆ ಪ್ರಾಣಿಗಳ ಮನೆಯಲ್ಲಿ. ಹಿಕ್ಕೆಯ ವಾಸನೆಯೇ ಇಲ್ಲದ ಆ ಮನೆಗೆ ಹೊಂದಿಕೊಳ್ಳುವುದು ನನಗೆ ಕಷ್ಟವಾಯಿತು.

ನಾನು ಬಂದದ್ದು ಕೀಲುವಾತದ ಸಂಶೋಧನೆಗೆ. ಈ ರೋಗದಲ್ಲಿ ಮೈಯನ್ನು ಕಾಯಬೇಕಾದ ಜೀವಕೋಶಗಳೇ ಕೀಲುಗಳ ಮೇಲೆ ಬೀಳುತ್ತವೆ. ಅವನ್ನು ತಡೆದು ಸುಮ್ಮನಾಗಿಸುವ ನಿಯಂತ್ರಕ ಕೋಶಗಳೂ ರಕ್ತದಲ್ಲಿವೆ. ಊದಿದ ಕೀಲಿನಲ್ಲಿ ಅವುಗಳ ಮಾತು ನಡೆಯುವುದಿಲ್ಲ. ಅಂಥ ಕೋಶಗಳನ್ನು ಹೊರಗಿನಿಂದ ಕೊಟ್ಟರೆ ಬಾವು ಇಳಿದೀತೇ? ಇಲಿಗಳಿಗೆ ಈ ರೋಗ ಬರಿಸಿ, ಕೆಲವಕ್ಕೆ ಕೋಶ ಕೊಟ್ಟೆವು, ಕೆಲವಕ್ಕೆ ಕೊಡಲಿಲ್ಲ. ಊರಲ್ಲಿ ಕುರಿ ಕಾಯುವ ನನ್ನ ಅಕ್ಕನಿಗೂ ಇದೇ ರೋಗ. ಬೆಳಗ್ಗೆ ಎದ್ದರೆ ಅವಳ ಬೆರಳು ಮಡಚುವುದಿಲ್ಲ.

ಕೋಶ ಸಿಗದ ಇಲಿಗಳು ಕುಂಟತೊಡಗಿದವು. ಕುಂಟುವ ಕುರಿಯನ್ನು ನಾವು ಮಂದೆಯ ಜೊತೆ ಅಟ್ಟುವುದಿಲ್ಲ. ರೊಪ್ಪದಲ್ಲೇ ಬಿಟ್ಟು, ಮೆತ್ತಗೆ ಹಾಸಿ, ಸೊಪ್ಪನ್ನು ಬಾಯಿಯ ಹತ್ತಿರ ತರುತ್ತೇವೆ. ನನ್ನ ಕೈ ಅದನ್ನೇ ಮಾಡಿತು. ಕುಂಟುವವಕ್ಕೆ ಮಾತ್ರ ಕಾಗದದ ಚೂರು ಹೆಚ್ಚಾಗಿ ಹಾಸಿ, ಆಹಾರ ನೆನೆಸಿ ಮುಂದಿಟ್ಟೆ.

ನಮ್ಮ ಮುಖ್ಯಸ್ಥೆ ಕಾರಿನ್ ಗೂಡುಗಳನ್ನು ನೋಡಿ ನಿಂತುಬಿಟ್ಟರು. ಇಲ್ಲಿ ಮೇಡಂ ಎನ್ನುವಂತಿಲ್ಲ, ಹೆಸರು ಹಿಡಿದೇ ಕರೆಯಬೇಕು.

“ಈಗ ಈ ವ್ಯತ್ಯಾಸ ಕೋಶದಿಂದ ಬಂದದ್ದೋ, ನಿನ್ನ ಹಾಸಿಗೆಯಿಂದ ಬಂದದ್ದೋ ಹೇಗೆ ಹೇಳುವುದು?” ಎಂದರು. “ಎಲ್ಲ ಮೊದಲಿನಿಂದ ಮಾಡಬೇಕು. ಇನ್ನೊಮ್ಮೆ ಹೀಗಾದರೆ ನಿನ್ನನ್ನು ಇಟ್ಟುಕೊಳ್ಳಲಾರೆ.”

ಮೊದಲಿನಿಂದ ಅಂದರೆ, ಹೊಸ ಇಲಿಗಳಿಗೆ ಮತ್ತದೇ ನೋವು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

“ನೋಯ್ತಿರೋದ್ಕೆ ಹಾಸ್ದೆ ಅಂತ ಬೈದ್ರಾ? ಎಂಥಾ ಜನಾನಪ್ಪ!” ಎಂದಳು. ಆಮೇಲೆ, “ಹೋಗ್ಲಿ ಬುಡ್ಲಾ, ಅವ್ರು ಹೇಳ್ದಂಗೆ ಕೇಳು. ನನ್ ಕೈಗೊಂದು ಔಷ್ದಿ ಸಿಕ್ಕಿದ್ರೆ ಸಾಕು.”

ಕೇಳಿದೆ. ಕುಂಟುವ ಪಾದವನ್ನು ಅಳೆದು, ಗೂಡು ಮುಚ್ಚಿ, ಹೊರಗೆ ಬಂದು ಕಾಫಿ ಕುಡಿಯುವುದನ್ನು ಕಲಿತೆ. ಕೋಶ ಪಡೆದ ಇಲಿಗಳ ಬಾವು ಸ್ವಲ್ಪ ಇಳಿಯಿತು. ಕಾರಿನ್ ಬೆನ್ನು ತಟ್ಟಿದಾಗ, ನಾನೂ ಇಲ್ಲಿಯವನಾದೆ ಎಂದು ಹಿಗ್ಗಿದೆ.

ರಜೆಗೆ ಊರಿಗೆ ಬಂದಾಗ ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಕಾಯುತ್ತಿದ್ದಳು. “ಬಂದ್ಬುಟ್ಯೇನ್ಲಾ!” ಎಂದು ಎರಡೂ ಕೈ ಚಾಚಿದಳು. ನಾನು ಹಿಡಿಯಲಿಲ್ಲ. ಯಾವ ಗೆಣ್ಣು ಎಷ್ಟು ಊದಿದೆ, ಎಡಗೈಗಿಂತ ಬಲಗೈ ಹೆಚ್ಚೇ ಎಂದು ನೋಡುತ್ತಾ ನಿಂತಿದ್ದೆ. ಅಕ್ಕ ಮೆಲ್ಲಗೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಮನೆಗೆ ಬಂದ ಮೇಲೆ ಅದೇ ಕೈಗಳಿಂದ ಕಂಬಳಿಯನ್ನು ಎರಡು ಮಡಿಕೆ ಮಾಡಿ ಹಾಸಿದಳು.

“ಪ್ಲೇನಲ್ ಕುಂತೂ ಕುಂತೂ ಕಾಲು ಊದ್ಕಂಡೈತಲ್ಲೋ. ಮೆತ್ತಗೆ ಹಾಸಿವ್ನಿ, ಬಾ.”

ಯಾವ ಮುಖ ಇಟ್ಟುಕೊಂಡು ಅದರ ಮೇಲೆ ಕೂರಲಿ?